ಡ್ರೂಸಿ ಮಗಳನ್ನು ಹೊಗಳಿದ್ದು

ನಮ್ಮ ಸ್ಪೈಸ್‌ವುಡ್ ಕಣಿವೆಯಲ್ಲಿ ಯಾರ ಹಿತ್ತಲಿಗಾದರೂ ಹೋಗಿ, ನಿಮ್ಮ ಹುರುಳಿಕಾಯಿ ಎಷ್ಟು ಚೆನ್ನಾಗಿ ಬಂದಿದೆ ಎಂದು ಹೇಳಿ ನೋಡಿ. "ಅಯ್ಯೋ ಬಿಡಿ, ಈ ಸಲ ಬರೀ ನಾರು" ಎನ್ನುತ್ತಾರೆ. ಚರ್ಚಿನ ಊಟಕ್ಕೆ ಪಾತ್ರೆ ತಂದಿಡುವ ಹೆಂಗಸರು ತಮ್ಮ ಅಡುಗೆಯನ್ನು ಬೈಯದೆ ಮೇಜಿನ ಮೇಲೆ ಇಡುವುದಿಲ್ಲ. ಉಪ್ಪು ಜಾಸ್ತಿಯಾಯಿತು, ತಳ ಹಿಡಿಯಿತು, ನಾಯಿಗೆ ಹಾಕೋಣ ಅಂತಿದ್ದೆ, ಹೀಗೆ. ಒಮ್ಮೆ ಓಹಾಯೊ ಕಡೆಯಿಂದ ಮದುವೆಯಾಗಿ ಬಂದ ಹುಡುಗಿಯೊಬ್ಬಳು "ನಾನು ಮಾಡಿರೋ ಕೋಳಿ ತುಂಬಾ ಚೆನ್ನಾಗಿದೆ, ಹಾಕ್ಕೊಳ್ಳಿ" ಎಂದುಬಿಟ್ಟಳು. ಆ ಕೋಳಿ ಹಾಗೆಯೇ ಮನೆಗೆ ವಾಪಸ್ಸು ಹೋಯಿತು. ನಾನು ಮಾತ್ರ ಒಂದು ಕಾಲು ಕಿತ್ತು ತಿಂದಿದ್ದೆ. ನಿಜವಾಗಿಯೂ ಚೆನ್ನಾಗಿತ್ತು.

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ನಮ್ಮಲ್ಲೂ ಮುದ್ದೇ. ಬಾಯಿ ಬಿಟ್ಟು ಹೇಳುವ ಹಾಗಿಲ್ಲ, ಅಷ್ಟೆ. ಈ ವಿಷಯದಲ್ಲಿ ನನ್ನ ತಂಗಿ ಡ್ರೂಸಿಲ ಹಾಲ್ಕಮ್‌ಳನ್ನು ಮೀರಿಸಿದವರು ಕೆಂಟಕಿಯ ಈ ಗುಡ್ಡಗಳಲ್ಲಿ ಇನ್ನೊಬ್ಬರಿಲ್ಲ.

ಡ್ರೂಸಿ ಸ್ಕೂಲ್ ಬಸ್ಸು ಓಡಿಸುತ್ತಾಳೆ. ಆಳು ಗಿಡ್ಡ, ಗಂಟಲು ದೊಡ್ಡದು. ಹಳ್ಳದ ಪಕ್ಕದ ಆ ತಿರುವುಗಳಲ್ಲಿ ಬಸ್ಸು ಹೊರಳಿಸುತ್ತಲೇ ಕನ್ನಡಿಯಲ್ಲಿ ಹಿಂದಿನ ಸೀಟಿನ ಹುಡುಗರನ್ನು ನೋಡಿ ಒಂದು ಸಲ ಕೂಗಿದರೆ ಸಾಕು, ಬಸ್ಸು ಗಪ್‌ಚಿಪ್. ಗೇರಿನ ಪಕ್ಕದಲ್ಲಿ ಒಂದು ಡಬ್ಬಿ ಇಟ್ಟುಕೊಂಡಿರುತ್ತಾಳೆ. ಮನೆಯಲ್ಲಿ ಏನೂ ತಿನ್ನದೆ ಬಂದ ಮಗು ಯಾವುದೆಂದು ಮುಖ ನೋಡಿಯೇ ಗೊತ್ತು ಅವಳಿಗೆ. "ತಗೋ, ತಿನ್ನು. ನಿನ್ನ ಜೋಲು ಮುಖ ನೋಡ್ಕೊಂಡು ನಂಗೆ ಬಸ್ ಓಡ್ಸಕ್ಕಾಗಲ್ಲ" ಎಂದು ಬನ್ನಿನಂಥ ಮೆತ್ತನೆಯ ಬಿಸ್ಕತ್ತಿನ ನಡುವೆ ಹಂದಿಮಾಂಸ ಇಟ್ಟು ಕೊಡುತ್ತಾಳೆ. ಅವಳ ಪ್ರೀತಿಯೆಲ್ಲ ಬೈಗುಳದಲ್ಲೇ ಸುತ್ತಿ ಬರುವುದು. ಗಂಡ ಎಂಬ ಪ್ರಾಣಿ ಯಾವತ್ತೋ ಇಂಡಿಯಾನಾಕ್ಕೆ ಕೆಲಸಕ್ಕೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ. ಅವನ ಮಾತು ಬೇಡ. ಇರುವವಳು ಮಗಳು ಕೆಂಡ್ರ. ಪಕ್ಕದ ಮನೆಯಲ್ಲಿ ನಾನು, ಓಪಲ್. ದಿನಸಿ ಅಂಗಡಿಯ ಕ್ಯಾಶ್ ಕೌಂಟರಿನಲ್ಲಿ ನಿಂತು ನಿಂತು ಮಂಡಿ ಸವೆಸಿಕೊಂಡ ವಿಧವೆ.

ಡ್ರೂಸಿ ಹಾಗಾಗಲು ಕಾರಣವಿದೆ. ನಮ್ಮಿಬ್ಬರ ನಡುವೆ ಎಲ್ಡನ್ ಎಂಬ ಹುಡುಗನಿದ್ದ. ನನಗೆ ತಮ್ಮ, ಅವಳಿಗೆ ಅಣ್ಣ. ಬಾಸ್ಕೆಟ್‌ಬಾಲ್ ಆಡುತ್ತಿದ್ದ. ಬಯಲಿನ ಪಟ್ಟಣದಲ್ಲಿರುವ ರಾಜ್ಯದ ವಿಶ್ವವಿದ್ಯಾಲಯದವರು ಅವನನ್ನು ಕರೆದು ಸೀಟು ಕೊಟ್ಟರು. ನಮ್ಮಪ್ಪನಿಗೆ ಹಿಗ್ಗು ತಡೆಯಲಿಲ್ಲ. ಚರ್ಚಿನ ಅಂಗಳದಲ್ಲಿ ನಿಂತು "ನನ್ನ ಮಗನಂಥವನನ್ನ ನಾನು ಎಲ್ಲೂ ನೋಡಿಲ್ಲ" ಎಂದ. ಪುಟ್ಟ ಹುಡುಗಿ ಡ್ರೂಸಿ ಅದನ್ನೇ ಬಸ್ಸಿನಲ್ಲಿ ಪ್ರತಿಯೊಬ್ಬರಿಗೂ ಹೇಳಿಕೊಂಡು ತಿರುಗಿದಳು. ಆ ಬೇಸಿಗೆ, ಕಾಲೇಜಿಗೆ ಹೊರಡುವವರೆಗೆ ಸುಮ್ಮನೆ ಯಾಕೆ ಕೂರಲಿ ಎಂದು ಎಲ್ಡನ್ ಗಣಿಗಿಳಿದ. ಮೇಲಿನ ಬಂಡೆ ಕುಸಿಯಿತು. ಆ ವಿಶ್ವವಿದ್ಯಾಲಯದ ಬಾಗಿಲನ್ನು ಅವನು ನೋಡಲೇ ಇಲ್ಲ.

ಮಣ್ಣು ಮಾಡಿ ಬಂದ ದಿನ ಅಮ್ಮ ಒಂದೇ ಮಾತು ಅಂದಳು: "ಹೊಗಳಿ ಹೊಗಳಿ ಕಳ್ಕೊಂಡ್ವಿ." ಅಪ್ಪನಿಗೆ ಅಂದದ್ದು. ಮೇಜಿನ ಕೆಳಗೆ ಕೂತಿದ್ದ ಡ್ರೂಸಿ ತನಗೇ ಅಂದಳೆಂದುಕೊಂಡಳು. ಅಂದಿನಿಂದ ಇಂದಿನವರೆಗೆ ಅವಳ ಬಾಯಲ್ಲಿ ತನ್ನವರ ಬಗ್ಗೆ ಒಂದು ಒಳ್ಳೆಯ ಮಾತು ಬಂದಿರಲಿಲ್ಲ. ಕೆಂಡ್ರ ಹುಟ್ಟಿದಾಗ ಆಸ್ಪತ್ರೆಯ ನರ್ಸು "ಎಷ್ಟು ಚೆಂದ ಮಗು!" ಎಂದರೆ "ಕಿವಿ ಅಗಲ" ಎಂದವಳು ಇವಳು.

ಈ ಕೆಂಡ್ರ ಓದುವುದರಲ್ಲಿ ಜಾಣೆ. ನಾನು ಹೇಳಬಹುದು, ನನಗೆ ಆ ಭಯವಿಲ್ಲ. ನಮ್ಮ ಮನೆ ಮುಂದಿನ ಹಳ್ಳದ ನೀರು ಹಳೆಯ ಗಣಿಯಿಂದಾಗಿ ಕಿತ್ತಳೆ ಬಣ್ಣಕ್ಕೆ ಹರಿಯುತ್ತದೆ. ನಾವೆಲ್ಲ ಹುಟ್ಟಿದಾಗಿನಿಂದ ನೋಡಿ ಸುಮ್ಮನಿದ್ದೆವು. ಇವಳು ಮಾತ್ರ ಹಲ್ಲು ಬೀಳುವ ವಯಸ್ಸಿನಿಂದಲೇ ಯಾಕೆ ಹೀಗೆ, ಯಾರು ಸರಿ ಮಾಡಬೇಕು ಎಂದು ಪ್ರಾಣ ತಿನ್ನುತ್ತಿದ್ದಳು. ಹೈಸ್ಕೂಲಿನ ಕೊನೆಯ ವರ್ಷ ಅವಳ ಕೌನ್ಸೆಲರ್ ಪ್ರೇಥರ್ ಮೇಷ್ಟ್ರು ಅದೇ ರಾಜ್ಯದ ವಿಶ್ವವಿದ್ಯಾಲಯದ ಆನರ್ಸ್ ಕಾಲೇಜಿಗೆ ಅರ್ಜಿ ಹಾಕಿಸಿದರು. ಅಷ್ಟು ದೊಡ್ಡ ವಿಶ್ವವಿದ್ಯಾಲಯದೊಳಗೆ ಆಯ್ದ ಮಕ್ಕಳಿಗೆಂದೇ ಇರುವ ಸಣ್ಣ ಕಾಲೇಜು ಅದು. ಬೇರೆ ಹಾಸ್ಟೆಲ್ಲು, ಸಣ್ಣ ಸಣ್ಣ ತರಗತಿ, ಮೊದಲ ವರ್ಷದಿಂದಲೇ ಪ್ರಯೋಗಶಾಲೆ. ಅಲ್ಲಿ ಸೇರಿದರೆ ಓದು, ವಸತಿ, ಊಟ ಎಲ್ಲ ಅವರದೇ. ಸೇರದಿದ್ದರೆ ವಿಶ್ವವಿದ್ಯಾಲಯದ ಮಾತೇ ಇಲ್ಲ, ನಾನು ಬಿಟ್ಟು ಬಂದ ಕ್ಯಾಶ್ ಕೌಂಟರೇ ಗತಿ. ಮೂರೂ ಜನಕ್ಕೆ ಇದು ಗೊತ್ತಿತ್ತು. ಯಾರೂ ಬಾಯಿ ಬಿಡುತ್ತಿರಲಿಲ್ಲ.

ಫೆಬ್ರವರಿಯಲ್ಲಿ ಸಂದರ್ಶನಕ್ಕೆ ಕರೆ ಬಂತು. ಡ್ರೂಸಿಯ ಪಿಕಪ್ ಗಾಡಿಯ ಒಂದೇ ಸೀಟಿನಲ್ಲಿ ಮೂವರೂ ಒತ್ತಿಕೊಂಡು ಕೂತು ಹೋದೆವು. ಗುಡ್ಡ ಇಳಿದು ಕುದುರೆ ಸಾಕುವವರ ಬಿಳಿ ಬೇಲಿಗಳು ಶುರುವಾದ ಮೇಲೆ ಡ್ರೂಸಿ ಗಾಡಿಯ ವೇಗ ಅರ್ಧಕ್ಕಿಳಿಸಿದಳು. ಇದೇ ದಾರಿಯಲ್ಲಿ ಎಲ್ಡನ್ ಹೋಗಬೇಕಿತ್ತು. ಕೆಂಡ್ರ ಒಳಗೆ ಹೋದಾಗ ಹೊರಗಿನ ಬೆಂಚಿನಲ್ಲಿ ನಾವಿಬ್ಬರೂ ಕಳ್ಳರ ಹಾಗೆ ಕೂತಿದ್ದೆವು. ಸುತ್ತಲಿದ್ದ ಅಪ್ಪ ಅಮ್ಮಂದಿರು ತಂತಮ್ಮ ಮಕ್ಕಳ ಪದಕ, ಬಹುಮಾನ, ಪಿಟೀಲು, ಈಜು ಎಲ್ಲವನ್ನೂ ಒಬ್ಬರಿಗೊಬ್ಬರು ಬಡಿಸುತ್ತಿದ್ದರು. ಡ್ರೂಸಿ ನನ್ನ ಕಡೆ ಬಾಗಿ, "ಇವ್ರಿಗೆ ಹೆದ್ರಿಕೆ ಅನ್ನೋದೇ ಇಲ್ವೇನೇ ಅಕ್ಕಾ?" ಎಂದಳು.

ಕೆಂಡ್ರ ಹೊರಗೆ ಬಂದಾಗ ಮುಖ ಕೆಂಪಾಗಿತ್ತು. ಗಾಡಿ ಹತ್ತಿದ ಮೇಲೆ ನಾನು ಕೇಳಿಯೇ ಕೇಳಿದೆ.

"ಏನು ಕೇಳಿದ್ರೇ?"

"ನೀನು ಯಾವುದ್ರಲ್ಲಿ ಜೋರು ಅಂತ ಕೇಳಿದ್ರು ದೊಡ್ಡಮ್ಮ."

"ಏನಂದೆ?"

"ಅಂಥದ್ದೇನಿಲ್ಲ ಅಂದೆ."

"ಆಮೇಲೆ?"

"ಬಸ್ಸಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳ್ಕೊಡ್ತೀಯಂತಲ್ಲ, ನಿಮ್ಮ ಮೇಷ್ಟ್ರು ಬರ್ದಿದಾರೆ ಅಂದ್ರು. ಯಾರಾದ್ರೂ ಮಾಡ್ತಾರೆ ಅದನ್ನ ಅಂದೆ. ನಿನ್ನನ್ನೇ ಯಾಕೆ ತಗೋಬೇಕು ಅಂತ ಕೇಳಿದ್ರು. ನಂಗಿಂತ ಚೆನ್ನಾಗಿರೋರು ಇದ್ದೇ ಇರ್ತಾರೆ ಅಂದೆ."

"ಅಯ್ಯೋ ನಿನ್ನ ಮನೆ ಹಾಳಾಗ!" ಎಂದು ನಾನು ಕೂಗಿದ ರಭಸಕ್ಕೆ ಡ್ರೂಸಿ ಬ್ರೇಕ್ ಒತ್ತಿಬಿಟ್ಟಳು. "ಅವ್ರು ಬಾಗ್ಲು ತೆಗೆದು ಬಾ ಅಂದ್ರೆ ನೀನು ಹೊರಗಿಂದ ಚಿಲಕ ಹಾಕ್ಕೊಂಡು ಬಂದ್ಯಲ್ಲೇ!"

"ಅದ್ರಲ್ಲಿ ತಪ್ಪೇನಿದೆ?" ಎಂದಳು ಡ್ರೂಸಿ. "ಸರಿಯಾಗೇ ಹೇಳಿದಾಳೆ. ತನ್ನ ತಾನು ಹೊಗಳ್ಕೊಳ್ಳೋದಾ?"

"ನೀನು ಬಾಯಿ ಮುಚ್ಕೊಂಡು ಗಾಡಿ ಓಡ್ಸು. ಕಲ್ಸಿರೋಳು ನೀನೇ."

ಮಧ್ಯದಲ್ಲಿ ಕೂತ ಕೆಂಡ್ರ ಉಗುರು ಕಚ್ಚುತ್ತಿದ್ದಳು. ಮನೆ ಮುಟ್ಟುವವರೆಗೂ ನಾನು, ಡ್ರೂಸಿ ಮಾತು ಬಿಟ್ಟೆವು.

ನಾನು ಹೆದರಿದ್ದೇ ಆಯಿತು. ಮಾರ್ಚಿನಲ್ಲಿ ಕೆಂಡ್ರಳ ಹೆಸರು ವೇಟಿಂಗ್ ಲಿಸ್ಟಿಗೆ ಬಿತ್ತು. ಪ್ರೇಥರ್ ಮೇಷ್ಟ್ರು ತಾವೇ ಫೋನ್ ಮಾಡಿ ವಿಚಾರಿಸಿದರು. ಅಂಕ ಚೆನ್ನಾಗಿದೆ, ಬರೆದದ್ದು ಚೆನ್ನಾಗಿದೆ, ಆದರೆ ಹುಡುಗಿ ತನ್ನ ಬಗ್ಗೆ ಒಂದು ಮಾತೂ ಹೇಳಲಿಲ್ಲ, ನಾವು ಯಾವುದನ್ನು ಹಿಡಿದು ಒಳಗೆ ಕರೆಯುವುದು ಎಂದರಂತೆ. ಒಂದು ದಾರಿ ಇನ್ನೂ ಇತ್ತು. ಕಾದಿರುವ ಮಕ್ಕಳ ಬಗ್ಗೆ ಆ ಕಾಲೇಜಿನ ಮುಖ್ಯಸ್ಥೆ ಡಾಕ್ಟರ್ ವಿಟಕರ್ ತಾವೇ ಫೋನ್ ಮಾಡಿ, ಮೇಷ್ಟ್ರಲ್ಲದ, ಹುಡುಗಿಯನ್ನು ಬಲ್ಲ ಯಾರಾದರೊಬ್ಬರ ಹತ್ತಿರ ಮಾತಾಡುತ್ತಾರೆ. ಯಾರ ಹತ್ತಿರ ಎಂದು ಹುಡುಗಿಯೇ ಹೇಳಬೇಕು.

"ನನ್ನ ಹೆಸ್ರು ಕೊಡು" ಎಂದೆ ನಾನು. "ಫೋನಿನ ತಂತಿ ಕಾದು ಹೋಗೋ ಹಾಗೆ ಹೊಗಳ್ತೀನಿ."

ಕೆಂಡ್ರ ತಲೆ ತಗ್ಗಿಸಿದಳು. "ಅಮ್ಮನ ಹೆಸ್ರು ಕೊಟ್ಟಾಯ್ತು ದೊಡ್ಡಮ್ಮ."

ನಾನು ಹಣೆ ಚಚ್ಚಿಕೊಂಡೆ. ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದ ಡ್ರೂಸಿಯ ಕೈಯಲ್ಲಿ ಚಾಕು ನಿಂತಿತು. "ನಾನೇನು ಹೇಳ್ಲಿ ಅವ್ರಿಗೆ?" ಎಂದಳು. ಅಷ್ಟು ಸಣ್ಣ ದನಿ ಅವಳಲ್ಲಿ ಇದೆಯೆಂದೇ ನನಗೆ ಗೊತ್ತಿರಲಿಲ್ಲ.

ಆ ವಾರವೆಲ್ಲ ನಾನು ಅವಳಿಗೆ ಪಾಠ ಹೇಳಿದೆ.

"ಹೇಳು: ನನ್ನ ಮಗಳು ಬುದ್ಧಿವಂತೆ."

"ನನ್ನ ಮಗಳು... ಪೆದ್ದಿ ಅಲ್ಲ."

"ಇದೇನು ಹೊಗಳಿಕೆನೋ ಪೊಲೀಸ್ ಹೇಳಿಕೆನೋ? ಇನ್ನೊಂದ್ಸಲ. ನನ್ನ ಮಗಳು ತುಂಬಾ ಕಷ್ಟಪಟ್ಟು ಓದ್ತಾಳೆ."

"ಓದ್ತಾಳೆ. ದೀಪ ಆರ್ಸೋದು ಮರೀತಾಳೆ."

"ದೀಪ ಯಾರು ಕೇಳಿದ್ರೇ ನಿನ್ನ!"

"ಅಕ್ಕಾ, ಬಿಡು ನನ್ನ. ನಾಲಿಗೆ ಏಳಲ್ಲ" ಎಂದಳು. ನಗಬೇಕೆಂದು ನೋಡಿದರೆ ಅವಳ ಕಣ್ಣಲ್ಲಿ ನೀರಿತ್ತು. "ನಾನು ಹೇಳಿದ್ಮೇಲೆ ಅವಳಿಗೇನಾದ್ರೂ ಆದ್ರೆ? ಅದೇ ಊರು, ಅದೇ ಕಾಲೇಜು ಕಣೇ. ಅದೇ ಬೇಸಿಗೆ." ಅವಳ ಕೈಯಲ್ಲಿದ್ದ ಆಲೂಗಡ್ಡೆ ಕಿತ್ತುಕೊಂಡು ನಾನೇ ಸಿಪ್ಪೆ ತೆಗೆದೆ.

ಫೋನ್ ಬರುವ ದಿನ ಡ್ರೂಸಿ ಮಕ್ಕಳನ್ನೆಲ್ಲ ಮನೆಗಳಿಗೆ ಇಳಿಸಿ, ಬಸ್ಸನ್ನು ಅಂಗಳದಲ್ಲಿ ನಿಲ್ಲಿಸಿ, ಕೈಕಾಲು ತೊಳೆದು, ಚರ್ಚಿಗೆ ಹೋಗುವ ಅಂಗಿ ಹಾಕಿಕೊಂಡಳು. ಫೋನಿನಲ್ಲಿ ಅಂಗಿ ಕಾಣುತ್ತದೆಯೇ ಎಂದು ನಾನು ಕೇಳಲಿಲ್ಲ. ಕೆಂಡ್ರಳನ್ನು ಕೋಳಿಗೂಡಿನಿಂದ ಮೊಟ್ಟೆ ತರಲು ಓಡಿಸಿದೆವು. ನಮ್ಮ ಕಣಿವೆಯಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವುದಿಲ್ಲ, ಅಡುಗೆಮನೆಯ ಗೋಡೆಗೆ ತೂಗುಹಾಕಿದ ಹಳೆಯ ಫೋನೇ ಗತಿ. ಅದು ಬಡಿದುಕೊಂಡಾಗ ಇಬ್ಬರೂ ಬೆಚ್ಚಿಬಿದ್ದೆವು. ನಾನು ರಿಸೀವರಿನ ಇನ್ನೊಂದು ಕಡೆಗೆ ಕಿವಿ ಹಚ್ಚಿ ನಿಂತೆ.

ಡಾಕ್ಟರ್ ವಿಟಕರ್ ಅವರದು ಮೆತ್ತಗಿನ ದನಿ. "ಕೆಂಡ್ರ ಎಂಥ ಹುಡುಗಿ ಅಂತ ಸ್ವಲ್ಪ ಹೇಳ್ತೀರಾ ಮಿಸೆಸ್ ಹಾಲ್ಕಮ್?"

"ಸುಮಾರಾಗಿದಾಳೆ" ಎಂದಳು ನನ್ನ ತಂಗಿ.

ನಾನು ಅವಳ ಸೊಂಟ ಚಿವುಟಿದೆ.

"ಹಟಮಾರಿ. ಒದ್ದೆ ಟವಲನ್ನ ಹಾಸಿಗೆ ಮೇಲೆ ಬಿಸಾಕ್ತಾಳೆ. ಊಟ ಮಾಡೋದು ನಿಧಾನ. ಒಂದು ವಿಷ್ಯ ತಲೆಗೆ ಹೊಕ್ರೆ ಬಿಡಲ್ಲ, ನಮ್ಮ ಪ್ರಾಣ ತಿಂತಾಳೆ." ಹೀಗೆಯೇ ಓಡಿತು ಬಾಯಿ, ಇಳಿಜಾರಿನಲ್ಲಿ ಬ್ರೇಕ್ ಹೋದ ಬಸ್ಸಿನ ಹಾಗೆ. ನಾನು ಕೈಸನ್ನೆ ಮಾಡಿದೆ, ಕಣ್ಣು ಬಿಟ್ಟೆ, ಕೊನೆಗೆ ಕೈಮುಗಿದೆ. ಮುಗಿಯಿತು ಕಥೆ ಎಂದುಕೊಂಡೆ. ಹುಡುಗಿಯ ಕಾಲೇಜು ನನ್ನ ಕಣ್ಣೆದುರಿಗೇ ನೀರಿನಲ್ಲಿ ಹೋಮವಾಗುತ್ತಿತ್ತು.

ಆ ಮಹಾತಾಯಿ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು. "ಅವಳು ಆ ಮನೇಲಿ ಇಲ್ದೇ ಹೋದ್ರೆ ನಿಮಗೆ ಹೇಗಿರುತ್ತೆ?"

ಡ್ರೂಸಿ ಫೋನಿನ ಸುರುಳಿ ತಂತಿಯನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು, ಮತ್ತೆ ಸುತ್ತಿದಳು.

"ಹೋದ ಚಳಿಗಾಲ ರಸ್ತೆ ಮೇಲೆ ಐಸ್ ಕಟ್ಟಿತ್ತು" ಎಂದಳು. "ಬಸ್ ಜಾರಿ ಹಳ್ಳದ ಅಂಚಿಗೆ ಹೋಗಿ ನಿಂತ್ಕೊಳ್ತು. ಮುಂದಿನ ಚಕ್ರ ಆಚೆ ನೇತಾಡ್ತಿದೆ. ನನ್ನ ಕಾಲು ಬ್ರೇಕ್ ಮೇಲೆ, ಎತ್ತೋ ಹಾಗಿಲ್ಲ. ಮಕ್ಕಳು ಕಿರುಚ್ತಿದಾವೆ. ಅವಳು ಹಿಂದಿನ ಬಾಗ್ಲು ತೆಗ್ದು, ಹಾಡು ಹೇಳಿಸ್ತಾ ಒಂದೊಂದೇ ಮಗೂನ ಇಳ್ಸಿ ದಂಡೆ ಹತ್ತಿಸಿದ್ಲು. ಚಿಕ್ಕವನ್ನ ಎತ್ಕೊಂಡೇ ಹೋದ್ಲು. ಎಲ್ಲಾ ಇಳಿದ್ಮೇಲೆ ವಾಪಸ್ ಬಸ್ಸಿಗೆ ಹತ್ತಿ ನನ್ನ ಹಿಂದೆ ಬಂದು ಕೂತ್ಲು. ಯಾಕೆ ಬಂದ್ಯೇ ಹಾಳಾದೋಳೇ, ಇಳಿ ಅಂತ ಬೈದೆ. 'ನೀನೊಬ್ಳೇ ಇದ್ದೀಯಲ್ಲಮ್ಮ' ಅಂದ್ಲು. ಟ್ರಾಕ್ಟರು ಬಂದು ಎಳೆಯೋವರ್ಗೂ ಹಾಗೇ ಕೂತಿದ್ಲು."

ಇದು ನನಗೇ ಗೊತ್ತಿರಲಿಲ್ಲ. ಪಕ್ಕದ ಮನೆಯವಳು ನಾನು. ಬಸ್ಸು ಸ್ವಲ್ಪ ಜಾರಿತ್ತು ಎಂದಷ್ಟೇ ತಾಯಿ ಮಗಳು ಹೇಳಿದ್ದರು.

ಡ್ರೂಸಿ ಉಸಿರೆಳೆದುಕೊಂಡಳು. ಆಮೇಲೆ ಅವಳು ಹೇಳಿದಳು. "ನನ್ನ ಮಗಳಂಥವಳನ್ನ ನಾನು ಎಲ್ಲೂ ನೋಡಿಲ್ಲ."

ಅಪ್ಪನ ಮಾತು. ಚರ್ಚಿನ ಅಂಗಳದಲ್ಲಿ ಹೇಳಿದ ಅದೇ ಮಾತು.

"ಅವಳಿಗೆ ಭಯ ಆದ್ರೂ ಬಿಟ್ಟು ಓಡಲ್ಲ. ಓದೋದ್ರಲ್ಲೂ ಹಾಗೇ. ನೀವು ಏನು ಕೊಟ್ರೂ ಮಾಡ್ತಾಳೆ. ಅವಳಿಲ್ದೆ ನನ್ನ ಮನೆ ಮನೆ ಆಗಿರಲ್ಲ, ಆದ್ರೂ ನೀವು ಅವಳನ್ನ ಕರ್ಕೊಳ್ಳಿ." ಅಲ್ಲಿಗೆ ನಿಲ್ಲಿಸುತ್ತಾಳೆ ಎಂದುಕೊಂಡೆ. ಇಲ್ಲ, ದನಿ ಒಮ್ಮೆಲೇ ಬಸ್ಸಿನ ದನಿಯಾಯಿತು. "ನೋಡಿ, ಹೇಳ್ಬಿಟ್ಟೆ. ನಮ್ಮ ಮನೇಲಿ ಹೀಗೆಲ್ಲಾ ಹೇಳಿದ್ರೆ ಆಗ್ಬರಲ್ಲ. ಹೇಳ್ಸಿದೋರು ನೀವು. ಇನ್ಮೇಲೆ ಅವಳಿಗೇನಾದ್ರೂ ಆದ್ರೆ ನಾನು ನಿಮ್ಮನ್ನ ಬಿಡಲ್ಲ!"

"ಆಯ್ತು ಮಿಸೆಸ್ ಹಾಲ್ಕಮ್" ಎಂದರು ಡಾಕ್ಟರ್ ವಿಟಕರ್. ಅವರ ದನಿಯೂ ಸರಿಯಾಗಿರಲಿಲ್ಲ.

ಫೋನಿಟ್ಟು ತಿರುಗಿದರೆ ಜಾಲರಿ ಬಾಗಿಲಿನಾಚೆ, ಮೆಟ್ಟಿಲ ಮೇಲೆ, ನಮಗೆ ಬೆನ್ನು ಮಾಡಿ ಕೆಂಡ್ರ ಕೂತಿದ್ದಳು. ತೊಡೆಯ ಮೇಲೆ ಮೊಟ್ಟೆಯ ಬುಟ್ಟಿ. ಎಷ್ಟು ಹೊತ್ತಿನಿಂದ ಕೂತಿದ್ದಳೋ. ತಿರುಗಿ ನೋಡಲಿಲ್ಲ. ಆಮೇಲೆ ಒಳಗೆ ಬಂದು, ಮುಖ ತೋರಿಸದೆ ಬುಟ್ಟಿ ಇಟ್ಟು, "ಇವತ್ತು ಮೊಟ್ಟೆ ಕಮ್ಮಿ" ಎಂದಳು.

"ಮೊದ್ಲು ಹಾಸಿಗೆ ಮೇಲಿನ ಟವಲ್ ತೆಗಿ" ಎಂದಳು ಡ್ರೂಸಿ, ಒಲೆ ಒರೆಸುತ್ತಾ.

ಏಪ್ರಿಲಿನಲ್ಲಿ ಸೀಟು ಸಿಕ್ಕಿತು. ಪ್ರೇಥರ್ ಮೇಷ್ಟ್ರು ಮನೆಗೇ ಬಂದು ಹೇಳಿದರು. ನಾನು ಕೆಂಡ್ರಳನ್ನು ಹಿಡಿದು ಕುಣಿದೆ. ಡ್ರೂಸಿ ಕುರ್ಚಿಯಲ್ಲಿ ಕುಸಿದು ಕೂತಳು. ಸಂತೋಷಕ್ಕಲ್ಲ. ಆಗಸ್ಟಿನವರೆಗೆ ಈ ಹುಡುಗಿಯನ್ನು ಜೀವಂತ ಕಾಯಬೇಕಲ್ಲ ಎಂದು.

ಅಲ್ಲಿಂದ ಶುರುವಾಯಿತು ನೋಡಿ. ಹಳ್ಳದಲ್ಲಿ ಈಜಬೇಡ. ಗೆಳತಿಯ ಕಾರು ಹತ್ತಬೇಡ. ಐಸ್‌ಕ್ರೀಮ್ ಅಂಗಡಿಯಲ್ಲಿ ಬೇಸಿಗೆ ಕೆಲಸಕ್ಕೆ ಹೋಗುತ್ತೇನೆಂದರೆ ಬೇಡ, ಅಲ್ಲಿ ಫ್ರೀಜರಿದೆ. ಫ್ರೀಜರಿನಿಂದ ಸತ್ತವರು ಯಾರೇ ಎಂದು ನಾನು ಕೇಳಿದರೆ ಮೂರು ದಿನ ನನ್ನ ಮನೆ ಕಡೆ ತಲೆ ಹಾಕಲಿಲ್ಲ. ಹುಡುಗಿ ಕೆಮ್ಮಿದರೆ ಇವಳು ಎದ್ದು ನಿಲ್ಲುತ್ತಿದ್ದಳು. ನಾನೂ ಬಾಯಲ್ಲಿ ತಮಾಷೆ ಮಾಡುತ್ತಿದ್ದೆನೇ ಹೊರತು, ಕೆಂಡ್ರ ಕಣ್ಣಿಗೆ ಮರೆಯಾದರೆ ನಾನೂ ಅಂಗಳಕ್ಕೆ ಬಂದು ದಾರಿ ನೋಡುತ್ತಿದ್ದೆ. ಆ ಮಾತನ್ನು ನಾನೂ ಕೇಳಿದ್ದೆನಲ್ಲ, ಎರಡೂ ಸಲ.

ಮೇ ತಿಂಗಳ ಒಂದು ಸಂಜೆ ಕೆಂಡ್ರ ಹೊತ್ತಿಗೆ ಸರಿಯಾಗಿ ಮನೆಗೆ ಬರಲಿಲ್ಲ. ಸ್ಕೂಲಿನಿಂದ ಬಂದವಳು ಬೂಟು ಹಾಕಿಕೊಂಡು ಎಲ್ಲಿಗೋ ಹೋಗಿದ್ದಾಳೆ. ಗುಡ್ಡದ ಮೇಲೆ ಮೋಡ ಕಟ್ಟಿತ್ತು. ಹಳ್ಳದ ನೀರು ಹಿಡಿದಿಡಲೆಂದು ಅವಳು ತೊಳೆದಿಟ್ಟುಕೊಂಡಿದ್ದ ಗಾಜಿನ ಬಾಟಲಿಗಳಿಲ್ಲದ್ದನ್ನು ನೋಡಿ ಡ್ರೂಸಿಗೆ ಹೊಳೆಯಿತು. "ಗಣಿ ಬಾಯಿಗೆ ಹೋಗಿದಾಳೆ ಕಣೇ. ನೀರು ತರಕ್ಕೆ." ಪಿಕಪ್ ಗಾಡಿ ರಿಪೇರಿಗೆ ಹೋಗಿತ್ತು. ಅಂಗಳದಲ್ಲಿ ಇದ್ದದ್ದು ಸ್ಕೂಲ್ ಬಸ್ಸು.

"ಬೇಡ ಡ್ರೂಸಿ, ಕೆಲ್ಸ ಹೋಗುತ್ತೆ!"

"ಹತ್ತು ಇಲ್ಲಾ ದಾರಿ ಬಿಡು."

ಹತ್ತಿದೆ. ಆ ಹಳದಿ ಬಸ್ಸನ್ನು ಅವಳು ಗಣಿಯ ಕಲ್ಲು ದಾರಿಗೆ ನುಗ್ಗಿಸಿದಳು. ಎರಡೂ ಕಡೆಯ ಮರದ ಕೊಂಬೆಗಳು ಕಿಟಕಿಗೆ ಬಡಿಯುತ್ತಿದ್ದವು. ಉದ್ದಕ್ಕೂ ಹಾರನ್ನು ಒತ್ತಿದ ಕೈ ತೆಗೆಯಲಿಲ್ಲ. ನಾನು ಮುಂದಿನ ಕಂಬ ಹಿಡಿದುಕೊಂಡು ದೇವರೇ ದೇವರೇ ಎನ್ನುತ್ತಿದ್ದೆ. ಎಲ್ಡನ್‌ನನ್ನು ಇದೇ ದಾರಿಯಲ್ಲಿ ಕೆಳಗೆ ತಂದಿದ್ದರು. ಆ ದಿನ ಈ ದಾರಿ ಹತ್ತಿದವಳು ಮತ್ತೆ ಇವತ್ತೇ ನಾನು ಹತ್ತಿದ್ದು.

ತಿರುವಿನಲ್ಲಿ ಕೆಂಡ್ರ ನಡೆದು ಬರುತ್ತಿದ್ದಳು. ಬೂಟು ಕಿತ್ತಳೆ ಬಣ್ಣ, ಎರಡೂ ಕೈಯಲ್ಲಿ ಬಾಟಲಿ. ಅಷ್ಟು ಎತ್ತರದಲ್ಲಿ ಸ್ಕೂಲ್ ಬಸ್ಸನ್ನು ಕಂಡು ಬಾಯಿ ತೆರೆದು ನಿಂತಳು. ಡ್ರೂಸಿ ಇಳಿದು ಓಡಿ ಮಗಳ ಎರಡೂ ತೋಳು ಹಿಡಿದು ಅಲ್ಲಾಡಿಸಿದಳು.

"ನಾನು ಒಳಗೆ ಹೋಗ್ಲಿಲ್ಲಮ್ಮ. ಹೊರಗೆ ಹರಿಯೋ ನೀರು ತಗೊಂಡೆ ಅಷ್ಟೆ. ಆಗಸ್ಟಿನಲ್ಲಿ ಅಲ್ಲಿನ ಲ್ಯಾಬಿಗೆ ತಗೊಂಡು ಹೋಗ್ಬೇಕು ಅಂತ. ನಂಗೇನೂ ಆಗಲ್ಲ."

"ಹಾಗನ್ಬೇಡ!" ಎಂದು ಕಿರುಚಿದಳು ಡ್ರೂಸಿ. "ಹಾಗನ್ಬೇಡ, ಹಾಗನ್ಬೇಡ" ಎಂದು ಅಳತೊಡಗಿದಳು. ಮಗಳು ಬಾಟಲಿಗಳನ್ನು ನನ್ನ ಕೈಗೆ ಕೊಟ್ಟು ತಾಯಿಯನ್ನು ತಬ್ಬಿಕೊಂಡಳು.

ಬಸ್ಸು ತಿರುಗಿಸಲು ಅಲ್ಲಿ ಜಾಗವಿರಲಿಲ್ಲ. ಆಗಷ್ಟೇ ಶುರುವಾದ ಮಳೆಯಲ್ಲಿ ಕೆಂಡ್ರ ಹಿಂದೆ ನಿಂತು ಕೈ ಬೀಸುತ್ತಾ, ನಾನು ಪಕ್ಕದಿಂದ ಅರಚುತ್ತಾ, ಗುಡ್ಡದ ಬುಡದವರೆಗೂ ಹಿಮ್ಮುಖವಾಗಿಯೇ ಇಳಿಸಿಕೊಂಡು ಬಂದೆವು. ಬಸ್ಸಿನ ಬಣ್ಣ ತರಚಿದ್ದಕ್ಕೆ ಸ್ಕೂಲ್ ಬಸ್ಸುಗಳ ಉಸ್ತುವಾರಿ ಸಾಹೇಬ ಡ್ರೂಸಿಯನ್ನು ಎಲ್ಲ ಡ್ರೈವರುಗಳ ಎದುರಿಗೆ ಬೈದ.

ಆಗಸ್ಟ್ ಬಂತು. ಗಾಡಿಯ ಹಿಂದೆ ಹಾಸಿಗೆ, ಫ್ಯಾನು, ಬಾಟಲಿಗಳ ಪೆಟ್ಟಿಗೆ. ಡ್ರೂಸಿ ಒಣಸೇಬಿನ ಪದರು ಕೇಕು ಮಾಡಿ ಬಟ್ಟೆಯಲ್ಲಿ ಕಟ್ಟಿ ನನ್ನ ತೊಡೆಯ ಮೇಲಿಟ್ಟಿದ್ದಳು. ದಾರಿಯುದ್ದಕ್ಕೂ ಲಾರಿಗಳನ್ನೆಲ್ಲ ಮುಂದೆ ಬಿಟ್ಟು ಅಂಚಿನಲ್ಲೇ ಓಡಿಸಿದಳು. ಹಿಂದಿನವರು ಹಾರನ್ ಹೊಡೆದರೆ "ಹೊಡ್ಕೊಳ್ಳಿ" ಎನ್ನುತ್ತಿದ್ದಳು.

ಆನರ್ಸ್ ಹಾಸ್ಟೆಲ್ಲಿನ ಮೆಟ್ಟಿಲ ಬಳಿ ಅವಳ ಕಾಲು ನಿಂತುಬಿಟ್ಟಿತು. ಕೆಂಡ್ರ ಫ್ಯಾನು ಎತ್ತಿಕೊಂಡು ಬಾಗಿಲು ದಾಟಿ ಒಳಗೆ ಹೋದಳು. ಡ್ರೂಸಿ ನನ್ನ ಕೈಯನ್ನು ನೋವಾಗುವಷ್ಟು ಹಿಡಿದುಕೊಂಡಳು. "ಬಂದು ಮುಟ್ಟಿದ್ಲು ಕಣೇ ಅಕ್ಕಾ" ಎಂದಳು. ನಾನು ಹೂಂ ಎಂದೆ.

ಕೋಣೆಯಲ್ಲಿ ಇನ್ನೊಂದು ಹುಡುಗಿಯ ತಾಯಿ ಆಗಲೇ ಪರದೆ ಕಟ್ಟುತ್ತಿದ್ದರು. ಒಳ್ಳೆಯ ಹೆಂಗಸು, ಬಾಯಿ ಮಾತ್ರ ನಿಲ್ಲದು. ತಮ್ಮ ಮಗಳ ಪಿಟೀಲು, ಬಹುಮಾನ, ಫ್ರೆಂಚು, ಎಲ್ಲವನ್ನೂ ಹೇಳಿ ಮುಗಿಸಿ, "ನಿಮ್ಮ ಮಗಳು ಹೇಗೆ?" ಎಂದು ನಗುತ್ತಾ ಕೇಳಿದರು.

ನಾನು ಡ್ರೂಸಿಯ ಮುಖ ನೋಡಿದೆ. ಅವಳು ಹಾಸಿಗೆಯ ಮೂಲೆ ಎಳೆದು ಸರಿಮಾಡುತ್ತಾ, "ಸುಮಾರಾಗಿದಾಳೆ. ಒದ್ದೆ ಟವಲ್ ಹಾಸಿಗೆ ಮೇಲೆ ಬಿಸಾಕ್ತಾಳೆ, ಸ್ವಲ್ಪ ನೋಡ್ಕೊಳ್ಳಿ" ಎಂದಳು. ಆಮೇಲೆ ಕೇಕನ್ನು ಮೇಜಿನ ಮೇಲಿಟ್ಟು, "ಈ ಸಲ ಒಣಕಲಾಗಿದೆ" ಎಂದಳು.

ಕೆಂಡ್ರ ಜೋರಾಗಿ ನಕ್ಕುಬಿಟ್ಟಳು. ಆ ಹೆಂಗಸು ಏನೂ ಅರ್ಥವಾಗದೆ ತಾವೂ ನಕ್ಕರು.

ಕೊನೆಯ ಪೆಟ್ಟಿಗೆ ತರಲು ನಾನು, ಕೆಂಡ್ರ ಮೆಟ್ಟಿಲಿಳಿಯುವಾಗ ನಾನು ತಡೆಯಲಾರದೆ ಕೇಳಿದೆ. "ಅಲ್ವೇ ಪೆದ್ದಿ, ಆವತ್ತು ನನ್ನ ಹೆಸ್ರು ಕೊಟ್ಟಿದ್ರೆ ಕಣ್ಣುಮುಚ್ಚಿ ಸೀಟು ಸಿಕ್ತಿತ್ತಲ್ಲ. ಆ ಮೂಕ ಬಸವನ ಹೆಸ್ರು ಯಾಕೆ ಕೊಟ್ಟೆ? ಎಲ್ಲಾ ನೀರುಪಾಲಾಗ್ತಿತ್ತಲ್ಲೇ."

ಅವಳು ಒಂದು ಮೆಟ್ಟಿಲು ಕೆಳಗೆ ನಿಂತು ನನ್ನನ್ನು ನೋಡಿದಳು. "ನೀನು ಏನು ಹೇಳ್ತೀಯ ಅಂತ ನಂಗೊತ್ತಿತ್ತು ದೊಡ್ಡಮ್ಮ. ಅಮ್ಮ ಏನು ಹೇಳ್ತಾಳೆ ಅಂತ ಗೊತ್ತಿರ್ಲಿಲ್ಲ. ಅವ್ರು ಕೇಳಿದ್ರೆ ಹೇಳ್ಲೇಬೇಕಾಗುತ್ತಲ್ಲ ಅಂತ." ಸ್ವಲ್ಪ ತಡೆದು, "ಸೀಟು ಹೋದ್ರೂ ಪರವಾಗಿಲ್ಲ ಅನ್ಕೊಂಡಿದ್ದೆ" ಎಂದಳು.

ಅವಳ ತಲೆ ಸವರಿ ಕೆಳಗಿಳಿದೆ.

ಡ್ರೂಸಿ ಆಗಲೇ ಗಾಡಿಯಲ್ಲಿ ಕೂತು ಇಂಜಿನ್ ಶುರುಮಾಡಿದ್ದಳು, ಕಣ್ಣು ಊದಿಕೊಂಡಿತ್ತು. "ಅಷ್ಟೊತ್ತು ಏನೇ ಗುಸುಗುಸು ನಿಮ್ಮಿಬ್ರದು?" ಎಂದಳು.

"ಟವಲ್ ವಿಷ್ಯ" ಎಂದು ನಾನು ಹತ್ತಿ ಕೂತೆ.